ಓಕ್ಲಹೋಮದ ನೆಲ ನಡುಗಿದ್ದು ಯಾಕೆ? ತೈಲಬಾವಿಯ ಉಪ್ಪುನೀರು ಮತ್ತು ಭೂಕಂಪ: ಪದೇ ಪದೇ ಕೇಳುವ ಪ್ರಶ್ನೆಗಳು

2016ರ ಸೆಪ್ಟೆಂಬರ್ 3, ಶನಿವಾರ, ಬೆಳಗ್ಗೆ 7 ಗಂಟೆ 2 ನಿಮಿಷ. ಗಣೇಶನ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಅಮೆರಿಕದ ಓಕ್ಲಹೋಮ ರಾಜ್ಯದ ಸ್ಟಿಲ್‌ವಾಟರ್ ಎಂಬ ಊರಿನಲ್ಲಿ ನಮ್ಮ ಬಾಡಿಗೆ ಮನೆ. ಕಡುಬಿಗೆಂದು ತಂದಿಟ್ಟಿದ್ದ ಅಕ್ಕಿಹಿಟ್ಟಿನ ಡಬ್ಬ ಅಡುಗೆಮನೆಯ ಶೆಲ್ಫಿನಿಂದ ಧಡ್ ಎಂದು ಬಿತ್ತು, ಅದರ ಹಿಂದೆಯೇ ಸ್ಟೀಲ್ ಲೋಟಗಳು. ಲಾರಿ ಹೋಯಿತೇನೋ ಅಂದುಕೊಂಡೆ. ಲಾರಿಯಾದರೆ ಸದ್ದು ದೂರ ಹೋಗಬೇಕಲ್ಲ, ಇದು ಹೋಗಲೇ ಇಲ್ಲ. ಪಕ್ಕದ ಪಾನೀ ಎಂಬ ಊರಿನ ಹತ್ತಿರ 5.8 ಪ್ರಮಾಣದ ಭೂಕಂಪ. ಆ ರಾಜ್ಯದಲ್ಲಿ ಅಳತೆಗೆ ಸಿಕ್ಕಿದ ಭೂಕಂಪಗಳಲ್ಲೇ ದೊಡ್ಡದು.

ಊರಲ್ಲಿ ಆಗ ಸಂಜೆ ಐದೂವರೆ. ಟಿವಿಯಲ್ಲಿ ಸುದ್ದಿ ನೋಡಿದ ಅಮ್ಮ ಫೋನ್ ಮಾಡಿ ಮೊದಲು ಕೇಳಿದ್ದು, "ಎಲ್ಲಾ ಹುಷಾರಾಗಿದೀರೇನೋ?" ಎರಡನೆಯದು, "ಅಲ್ಲಿ ಎಣ್ಣೆ ತೆಗೆಯೋಕೆ ನೆಲ ಕೊರೀತಾರಂತಲ್ಲ, ಅದಕ್ಕೇ ಹಿಂಗಾಗೋದಂತೆ, ಹೌದೇನೋ?" ಆಮೇಲೆ ನೆಂಟರು, ಗೆಳೆಯರು, ಟೆಕ್ಸಸ್ ಕಡೆ ಮನೆ ಕೊಳ್ಳಲು ಹೊರಟ ಕನ್ನಡದವರು ಇದೇ ಪ್ರಶ್ನೆಯನ್ನು ನಾನಾ ಬಗೆಯಲ್ಲಿ ಕೇಳಿದ್ದಾರೆ. ವಾಟ್ಸಾಪಿನಲ್ಲಿ ಪ್ರತಿಸಲ ಟೈಪಿಸಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಮನುಷ್ಯನಿಂದ ಭೂಕಂಪ ಆಗುತ್ತದೆಯೇ? ನಂಬೋದು ಹೇಗೆ?

ಆಗುತ್ತದೆ. ಆದರೆ ನೆಲ ನಡುಗಿಸುವಷ್ಟು ಶಕ್ತಿಯನ್ನು ಮನುಷ್ಯ ಒದಗಿಸುವುದಿಲ್ಲ, ಅದು ಬಂಡೆಯಲ್ಲಿ ಮೊದಲೇ ಇರುತ್ತದೆ. ಭೂಮಿಯ ಹೊರಪದರದಲ್ಲಿ ಹಳೆಯ ಬಿರುಕುಗಳು ಎಲ್ಲ ಕಡೆ ಇವೆ. ಭೂವಿಜ್ಞಾನದವರು ಇವಕ್ಕೆ ಸ್ತರಭಂಗ ಎನ್ನುತ್ತಾರೆ. ಬಿರುಕಿನ ಎರಡು ಬದಿಯ ಬಂಡೆಗಳು ಒಂದನ್ನೊಂದು ನೂಕುತ್ತಾ, ಮೇಲಿನ ಭಾರಕ್ಕೆ ಕಚ್ಚಿಕೊಂಡು ಕೂತಿರುತ್ತವೆ. ಸಾವಿರಾರು ವರ್ಷ ಹಾಗೇ ಇದ್ದುಬಿಡಬಹುದು. ಆ ಹಿಡಿತ ಒಂಚೂರು ಸಡಿಲವಾದರೆ ಸಾಕು, ಜಾರುತ್ತವೆ. ಮನುಷ್ಯ ಮಾಡುವುದು ಈ ಸಡಿಲಿಸುವ ಕೆಲಸ ಮಾತ್ರ. ಹೀಗಾದದ್ದನ್ನು ಪ್ರೇರಿತ ಭೂಕಂಪ ಎನ್ನುತ್ತಾರೆ.

ಫ್ರಾಕಿಂಗ್‌ನಿಂದ ತಾನೇ ಇದೆಲ್ಲಾ?

ಎಲ್ಲರೂ ಹೀಗೇ ಹೇಳುತ್ತಾರೆ. ಓಕ್ಲಹೋಮದ ಮಟ್ಟಿಗೆ ಇದು ಬಹುಪಾಲು ತಪ್ಪು.

ಫ್ರಾಕಿಂಗ್ ಅಂದರೆ ಬಾವಿ ಕೊರೆದ ಮೇಲೆ ನೀರು, ಮರಳು, ಒಂದಿಷ್ಟು ರಾಸಾಯನಿಕ ಬೆರೆಸಿ ಭಾರಿ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಸೀಳುವುದು. ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನದ ಕೆಲಸ. ಅದರಿಂದಲೂ ಭೂಕಂಪಗಳಾಗಿವೆ, ಕೆನಡಾದ ಪಶ್ಚಿಮ ಭಾಗದಲ್ಲಿ ಕೊಂಚ ಹೆಚ್ಚೇ. ಆದರೆ ಓಕ್ಲಹೋಮದ ಪ್ರೇರಿತ ಭೂಕಂಪಗಳಲ್ಲಿ ನೇರವಾಗಿ ಫ್ರಾಕಿಂಗ್‌ಗೆ ಅಂಟುವುದು ನೂರಕ್ಕೆ ಒಂದೆರಡು ಎಂದು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ಲೆಕ್ಕ ಹಾಕಿದೆ. ಮಿಕ್ಕದ್ದಕ್ಕೆ ಕಾರಣ, ಎಣ್ಣೆ ತೆಗೆದಾದ ಮೇಲೆ ಉಳಿಯುವ ಕೊಳಕು ನೀರನ್ನು ಬೇರೊಂದು ಆಳವಾದ ಬಾವಿಗೆ ವರ್ಷಗಟ್ಟಲೆ, ಹಗಲು ರಾತ್ರಿ ಇಳಿಸುವುದು.

ಈ ವ್ಯತ್ಯಾಸವನ್ನು ನಾನು ಯಾಕೆ ಇಷ್ಟು ಹಿಡಿದುಕೊಂಡಿದ್ದೇನೆ ಅಂದರೆ, ಫ್ರಾಕಿಂಗ್ ಅಂದುಬಿಟ್ಟರೆ ಕಂಪನಿಯವರಿಗೆ ಉತ್ತರ ಸುಲಭ. "ಭೂಕಂಪ ಆದ ಕಡೆ ನಾವು ಫ್ರಾಕಿಂಗ್ ಮಾಡೇ ಇಲ್ಲ" ಎನ್ನುತ್ತಾರೆ, ಅದು ನಿಜವೂ ಆಗಿರುತ್ತದೆ. ಪ್ರಶ್ನೆಯನ್ನು ತಪ್ಪಾಗಿ ಕೇಳಿದರೆ ಸರಿಯಾದ ಉತ್ತರ ಕೊಟ್ಟು ತಪ್ಪಿಸಿಕೊಳ್ಳಬಹುದು. ಉಪ್ಪುನೀರು ಎಲ್ಲಿಗೆ ಹೋಯಿತು ಎಂದು ಕೇಳಬೇಕು.

ಅಷ್ಟು ಉಪ್ಪುನೀರು ಎಲ್ಲಿಂದ ಬರುತ್ತದೆ?

ಎಣ್ಣೆ ಇರುವ ಬಂಡೆಯಲ್ಲೇ ಇರುತ್ತದೆ. ಓಕ್ಲಹೋಮ ಇರುವ ಜಾಗದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರವಿತ್ತು. ಆ ಸಮುದ್ರದ ನೀರು ಸುಣ್ಣಕಲ್ಲಿನ ಸಂದುಗಳಲ್ಲಿ ಸಿಕ್ಕಿಕೊಂಡು ಉಳಿದಿದೆ. ಎಣ್ಣೆ ಎತ್ತಿದರೆ ಅದೂ ಜೊತೆಗೇ ಬರುತ್ತದೆ. ಈಗಿನ ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪು. ಎಣ್ಣೆಯ ಜಿಡ್ಡು, ಲೋಹಗಳು, ಒಂದಿಷ್ಟು ರೇಡಿಯಂ ಕೂಡ ಅದರಲ್ಲಿರುತ್ತದೆ. ಬಾವಿಯ ತೊಟ್ಟಿಗಳ ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ.

ಪ್ರಶ್ನೆ ಇರುವುದು ಪ್ರಮಾಣದಲ್ಲಿ. ರಾಜ್ಯದ ಉತ್ತರ ಭಾಗದಲ್ಲಿ ಮಿಸಿಸಿಪಿಯನ್ ಲೈಮ್ ಎನ್ನುವ ಸುಣ್ಣಕಲ್ಲಿನ ಪದರವಿದೆ. ಎಣ್ಣೆಗಿಂತ ನೀರೇ ಹೆಚ್ಚು ಬರುವುದರಿಂದ ಹಿಂದೆ ಅದನ್ನು ಯಾರೂ ಅಷ್ಟಾಗಿ ಮುಟ್ಟುತ್ತಿರಲಿಲ್ಲ. 2009ರ ನಂತರ ಅಡ್ಡಕ್ಕೆ ಕೊರೆಯುವ ತಂತ್ರ ಅಗ್ಗವಾಯಿತು, ಎಣ್ಣೆಯ ಬೆಲೆ ಬ್ಯಾರೆಲ್‌ಗೆ 100 ಡಾಲರ್ ದಾಟಿತು. ಒಂದು ಬ್ಯಾರೆಲ್ ಎಣ್ಣೆಗೆ ಹತ್ತು ಬ್ಯಾರೆಲ್ ನೀರು ಬಂದರೂ ಲಾಭವೇ ಎನ್ನುವ ಲೆಕ್ಕಾಚಾರ ಶುರುವಾಯಿತು. ಉತ್ತುಂಗದ ವರ್ಷಗಳಲ್ಲಿ ಓಕ್ಲಹೋಮದಲ್ಲಿ ವರ್ಷಕ್ಕೆ 100 ಕೋಟಿ ಬ್ಯಾರೆಲ್‌ಗೂ ಹೆಚ್ಚು ಉಪ್ಪುನೀರನ್ನು ಭೂಮಿಗೆ ಇಳಿಸಿದರು.

ಒಂದು ಬ್ಯಾರೆಲ್ ಅಂದರೆ 159 ಲೀಟರ್. ನಮ್ಮ ಅಳತೆಯಲ್ಲಿ ಹೇಳುವುದಾದರೆ 100 ಕೋಟಿ ಬ್ಯಾರೆಲ್ ಅಂದರೆ ಐದೂವರೆ ಟಿಎಂಸಿಗೂ ತುಸು ಹೆಚ್ಚು. ಕೆಆರ್‌ಎಸ್ ತುಂಬಿದಾಗ 49 ಟಿಎಂಸಿ. ಪ್ರತಿವರ್ಷ ಕನ್ನಂಬಾಡಿ ಕಟ್ಟೆಯ ಒಂಬತ್ತರಲ್ಲಿ ಒಂದು ಪಾಲು ಉಪ್ಪುನೀರನ್ನು ಕಲ್ಲಿನ ಸಂದಿಗೆ ಸುರಿದಂತೆ.

ಹೊಳೆಗೋ ಕೆರೆಗೋ ಬಿಡಬಾರದೇ? ಶುದ್ಧ ಮಾಡಬಾರದೇ?

ಹಿಂದೆ ಬಿಡುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಹೊಂಡ ತೋಡಿ ಸುರಿದದ್ದರಿಂದ ಹೊಲಗಳು ಬರಡಾದವು, ತೊರೆಗಳು ಕೆಟ್ಟವು. ಕುಡಿಯುವ ನೀರು ಉಳಿಸಲು 1974ರಲ್ಲಿ ಬಂದ ಕಾನೂನಿನಡಿ, ಅಂತರ್ಜಲಕ್ಕಿಂತ ಬಹಳ ಕೆಳಗೆ ಇಳಿಸುವುದೇ ಒಪ್ಪಿತ ಪದ್ಧತಿಯಾಯಿತು. ಕುಡಿಯುವ ನೀರಿನ ಮಟ್ಟಿಗೆ ಅದು ಒಳ್ಳೆಯ ತೀರ್ಮಾನವೇ. ಅವತ್ತು ಅದನ್ನು ಬರೆದವರ ಕಣ್ಣು ನೀರಿನ ಮೇಲಿತ್ತು, ಬಂಡೆಯ ಮೇಲಿರಲಿಲ್ಲ.

ಶುದ್ಧ ಮಾಡಬಹುದು, ದುಬಾರಿ. ಸಮುದ್ರದ ನೀರನ್ನು ಸಿಹಿ ಮಾಡುವುದೇ ದುಬಾರಿ ಅಂದಮೇಲೆ ಅದರ ಎಷ್ಟೋ ಪಟ್ಟು ಉಪ್ಪಿರುವುದನ್ನು ಮಾಡಲು ಯಾರು ಮುಂದೆ ಬರುತ್ತಾರೆ?

ಇನ್ನೊಂದು ಆಕರ್ಷಣೆಯೂ ಇತ್ತು. ಓಕ್ಲಹೋಮದ ಆಳದಲ್ಲಿ ಆರ್ಬಕಲ್ ಎಂಬ ಸುಣ್ಣಕಲ್ಲು ಮತ್ತು ಡೋಲೋಮೈಟ್‌ನ ದಪ್ಪ ಪದರವಿದೆ. ಇದರೊಳಗೆ ಬಿರುಕು, ಪೊಟರೆ ಎಷ್ಟಿವೆಯೆಂದರೆ ಎಷ್ಟೋ ಬಾವಿಗಳಲ್ಲಿ ಪಂಪೇ ಬೇಕಿರಲಿಲ್ಲ. ಮೇಲಿಂದ ನೀರು ಬಿಟ್ಟರೆ ತಾನೇ ಎಳೆದುಕೊಳ್ಳುತ್ತಿತ್ತು. ಕರೆಂಟ್ ಖರ್ಚೂ ಇಲ್ಲದ, ತುಂಬದ ಚರಂಡಿ ಸಿಕ್ಕರೆ ಯಾರು ಬಿಡುತ್ತಾರೆ? ಆದರೆ ಆರ್ಬಕಲ್‌ನ ಕೆಳಗೇ ಗ್ರಾನೈಟ್ ತಳಶಿಲೆ. ಹಳೆಯ ಸ್ತರಭಂಗಗಳೆಲ್ಲ ಇರುವುದು ಅಲ್ಲಿ.

ನೀರು ಹೋದರೆ ಬಂಡೆ ಯಾಕೆ ಜಾರಬೇಕು?

ಅಡುಗೆಮನೆಗೆ ಬನ್ನಿ. ಗ್ರಾನೈಟ್ ಕಟ್ಟೆ ಒದ್ದೆಯಿರಲಿ. ಸ್ಟೀಲ್ ಲೋಟವನ್ನು ಕುದಿಯುವಂಥ ಬಿಸಿನೀರಲ್ಲಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ. ಒಂದೆರಡು ಕ್ಷಣ ಸುಮ್ಮನಿದ್ದು, ಯಾರೂ ಮುಟ್ಟದೇ ಇದ್ದರೂ ಲೋಟ ಸರ್ರನೆ ಸಿಂಕಿನ ಕಡೆ ಜಾರುತ್ತದೆ. ಪಾತ್ರೆ ತೊಳೆದ ಯಾರೂ ಇದನ್ನು ನೋಡದೇ ಇಲ್ಲ.

ಲೋಟದೊಳಗೆ ಸಿಕ್ಕಿಕೊಂಡ ಗಾಳಿ ಬಿಸಿಗೆ ಹಿಗ್ಗುತ್ತದೆ. ಅಂಚಿನ ಸುತ್ತ ನೀರಿನ ತೆಳು ಪೊರೆ ಇರುವುದರಿಂದ ಹೊರಗೆ ಹೋಗಲಾರದು. ಹಾಗಾಗಿ ಒಳಗಿನಿಂದ ಲೋಟವನ್ನು ಮೇಲಕ್ಕೆ ಒತ್ತುತ್ತದೆ. ಲೋಟದ ತೂಕ ಅಷ್ಟೇ ಇದೆ, ಆದರೆ ಕಟ್ಟೆಯ ಮೇಲೆ ಬೀಳುವ ಭಾರ ಕಡಿಮೆಯಾಯಿತು. ಭಾರ ಕಡಿಮೆಯಾದರೆ ಘರ್ಷಣೆ ಕಡಿಮೆ. ಕಟ್ಟೆ ಸಿಂಕಿನ ಕಡೆ ಕೂದಲೆಳೆಯಷ್ಟು ವಾಲಿರುತ್ತದಲ್ಲ, ಆ ಇಳಿಜಾರು ಮೊದಲೂ ಇತ್ತು. ಈಗ ಅಷ್ಟೇ ಸಾಕಾಯಿತು.

ನೆಲದಡಿ ಗಾಳಿಯ ಜಾಗದಲ್ಲಿ ನೀರು. ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರಿನ ಒತ್ತಡ ಏರಿದರೆ, ಬಿರುಕಿನ ಎರಡು ಬದಿಯನ್ನು ಅದು ಒಳಗಿನಿಂದ ಅಗಲಿಸಲು ನೋಡುತ್ತದೆ. ಇದಕ್ಕೆ ರಂಧ್ರ ಒತ್ತಡ ಎನ್ನುತ್ತಾರೆ. ಬಂಡೆಗಳನ್ನು ಹಿಡಿದಿಟ್ಟ ಬಿಗಿ ಸಡಿಲವಾಗುತ್ತದೆ. ಜಾರಲು ಹೊಂಚು ಹಾಕಿ ಕೂತ ಬಿರುಕಿಗೆ ಅಷ್ಟು ಸಾಕು.

ಲೋಟದ ಉದಾಹರಣೆ ನನ್ನದು, ಆದರೆ ಅದಕ್ಕೊಬ್ಬ ಅಣ್ಣ ಇದ್ದಾನೆ. 1959ರಲ್ಲಿ ಕಿಂಗ್ ಹಬ್ಬರ್ಟ್ ಮತ್ತು ವಿಲಿಯಂ ರೂಬಿ ಎಂಬ ಇಬ್ಬರು ಭೂವಿಜ್ಞಾನಿಗಳು ಈ ತತ್ವವನ್ನು ವಿವರಿಸಿದಾಗ ತಣ್ಣಗಿನ ಖಾಲಿ ಬಿಯರ್ ಡಬ್ಬವನ್ನು ಒದ್ದೆ ಗಾಜಿನ ಮೇಲೆ ಬೋರಲಿಟ್ಟು ಜಾರಿಸಿ ತೋರಿಸಿದ್ದರು. ಅವರಿಗೆ ಬಿಯರ್ ಡಬ್ಬ, ನಮಗೆ ಕಾಫಿ ಲೋಟ.

ನೀರು ಬಿದ್ದು ಬಿರುಕು ಎಣ್ಣೆ ಹಚ್ಚಿದಂತೆ ನುಣುಪಾಗುತ್ತದಂತೆ?

ಇಲ್ಲ. ಅಷ್ಟು ಆಳದ ಬಂಡೆ ಮೊದಲೇ ಒದ್ದೆಯಾಗಿರುತ್ತದೆ. ಕೆಲಸ ಮಾಡುವುದು ಒತ್ತಡ, ನುಣುಪಲ್ಲ.

ಇದೆಲ್ಲ ಈಚೆಗೆ ಗೊತ್ತಾದದ್ದೇ?

ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ. ಐವತ್ತು ವರ್ಷ ಮೊದಲೇ ಗೊತ್ತಿತ್ತು.

ಕೊಲೊರಾಡೊ ರಾಜ್ಯದ ಡೆನ್ವರ್ ಪಕ್ಕದಲ್ಲಿ ಅಮೆರಿಕದ ಸೇನೆಯ ರಾಕಿ ಮೌಂಟನ್ ಆರ್ಸೆನಲ್ ಎಂಬ ರಾಸಾಯನಿಕ ಅಸ್ತ್ರಗಳ ಕಾರ್ಖಾನೆ ಇತ್ತು. ಅಲ್ಲಿನ ವಿಷದ ನೀರು ಸುತ್ತಲಿನ ಬೆಳೆಗಳನ್ನು ಸುಡತೊಡಗಿದಾಗ 3,671 ಮೀಟರ್ ಆಳದ ಬಾವಿ ಕೊರೆದು, 1962ರ ಮಾರ್ಚ್‌ನಲ್ಲಿ ಅದಕ್ಕೆ ಇಳಿಸಲು ಶುರು ಮಾಡಿದರು. ಕೆಲವೇ ವಾರದಲ್ಲಿ ಡೆನ್ವರ್ ನಡುಗತೊಡಗಿತು. 1965ರಲ್ಲಿ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ಪ್ರತಿ ತಿಂಗಳು ಇಳಿಸಿದ ನೀರಿನ ಲೆಕ್ಕವನ್ನೂ ಪ್ರತಿ ತಿಂಗಳ ಭೂಕಂಪದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಬಿಡಿಸಿ ತೋರಿಸಿದರು. ಒಂದು ಏರಿದಾಗ ಇನ್ನೊಂದೂ ಏರಿತ್ತು, ಇಳಿದಾಗ ಇಳಿದಿತ್ತು. 1966ರ ಫೆಬ್ರವರಿಯಲ್ಲಿ ಸೇನೆ ಬಾವಿ ನಿಲ್ಲಿಸಿತು. ಆದರೂ ಅಲ್ಲಿನ ಅತಿ ದೊಡ್ಡ ಭೂಕಂಪಗಳು ಬಂದದ್ದು ನಿಲ್ಲಿಸಿದ ಮರುವರ್ಷ, 1967ರಲ್ಲಿ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಕತಾಳೀಯ ಇದ್ದರೂ ಇರಬಹುದಲ್ಲ ಎಂದು ಅನುಮಾನ ಪಡುವವರಿಗಾಗಿ ಯುಎಸ್‌ಜಿಎಸ್ ವಿಜ್ಞಾನಿಗಳು ಅದೇ ರಾಜ್ಯದ ರೇಂಜ್ಲಿ ಎಂಬ ತೈಲಕ್ಷೇತ್ರದಲ್ಲಿ 1969ರಿಂದ 1973ರವರೆಗೆ ಬೇಕೆಂದೇ ಪ್ರಯೋಗ ಮಾಡಿದರು. ನೀರಿನ ಒತ್ತಡ ಇಂತಿಷ್ಟು ದಾಟಿದರೆ ಭೂಕಂಪ ಆಗಬೇಕು ಎಂದು ಮೊದಲೇ ಲೆಕ್ಕ ಹಾಕಿದ್ದರು. ಒತ್ತಡ ಏರಿಸಿದರು, ನೆಲ ನಡುಗಿತು. ಇಳಿಸಿದರು, ತಣ್ಣಗಾಯಿತು. ಮತ್ತೆ ಏರಿಸಿದರು, ಮತ್ತೆ ನಡುಗಿತು. ನಲ್ಲಿ ತಿರುಗಿಸಿ ಭೂಕಂಪ ಬರಿಸಿ ನಿಲ್ಲಿಸಿದ್ದು 1976ರಲ್ಲೇ ಅಚ್ಚಾಗಿದೆ.

ಓಕ್ಲಹೋಮದಲ್ಲಿ ನಿಜಕ್ಕೂ ಎಷ್ಟು ಭೂಕಂಪ ಆದವು?

2008ಕ್ಕೆ ಮೊದಲು 3 ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣದವು ವರ್ಷಕ್ಕೆ ಸರಾಸರಿ ಒಂದೋ ಎರಡೋ. 2013ರಲ್ಲಿ ನೂರು ದಾಟಿತು. 2014ರಲ್ಲಿ ಐನೂರು ದಾಟಿ, ಭೂಕಂಪಕ್ಕೇ ಹೆಸರಾದ ಕ್ಯಾಲಿಫೋರ್ನಿಯವನ್ನು ಹಿಂದೆ ಹಾಕಿತು. 2015ರಲ್ಲಿ ಸುಮಾರು 900. ದಿನಕ್ಕೆ ಎರಡಕ್ಕೂ ಹೆಚ್ಚು! ನಮಗೆ ಅಭ್ಯಾಸವೇ ಆಗಿಹೋಗಿತ್ತು. ಸಣ್ಣದಾಗಿ ಗಾಜಿನ ಲೋಟ ಕಿಣಿಕಿಣಿ ಅಂದರೆ ಎಷ್ಟಿರಬಹುದು ಎಂದು ಪಂದ್ಯ ಕಟ್ಟುತ್ತಿದ್ದೆವು.

ದೊಡ್ಡವು ಬೇರೆ. 2011ರ ನವೆಂಬರ್ 5ರ ರಾತ್ರಿ ಪ್ರೇಗ್ ಎಂಬ ಸಣ್ಣ ಊರಿನ ಹತ್ತಿರ 5.7. ಚೆಕ್ ವಲಸಿಗರು ತಮ್ಮ ರಾಜಧಾನಿಯ ಹೆಸರಿಟ್ಟು ಕಟ್ಟಿದ ಊರು. ಹತ್ತಿಪ್ಪತ್ತು ಮನೆ ಕೆಟ್ಟವು, ಶಾನಿ ಎಂಬ ಊರಿನ ಹಳೆಯ ವಿಶ್ವವಿದ್ಯಾಲಯ ಕಟ್ಟಡದ ಗೋಪುರ ಉರುಳಿತು, ಕನಿಷ್ಠ 17 ರಾಜ್ಯಗಳಲ್ಲಿ ನಡುಕ ಗೊತ್ತಾಯಿತು. ಅಮೆರಿಕದ ನಡುಭಾಗದ ಹೊರಪದರ ಹಳೆಯದು, ಗಟ್ಟಿ. ಒಳ್ಳೆಯ ಕಂಚಿನ ಗಂಟೆಯಂತೆ ಸದ್ದನ್ನು ದೂರ ಒಯ್ಯುತ್ತದೆ. ಕ್ಯಾಲಿಫೋರ್ನಿಯದ್ದು ಒಡಕು ಮಡಕೆ.

ಪಾನೀ ಭೂಕಂಪದ ಎರಡು ತಿಂಗಳ ನಂತರ, 2016ರ ನವೆಂಬರ್ 6ರಂದು ಕುಶಿಂಗ್‌ನಲ್ಲಿ 5.0. ಪೇಟೆಯ ಇಟ್ಟಿಗೆ ಕಟ್ಟಡಗಳ ಮುಂಭಾಗ ಫುಟ್‌ಪಾತಿಗೆ ಸುರಿಯಿತು. ಕುಶಿಂಗ್ ಹೆಸರು ಕೇಳದಿದ್ದರೂ ಅದರ ಬೆಲೆ ನೀವು ಕೇಳಿರುತ್ತೀರಿ. ಡಬ್ಲ್ಯುಟಿಐ ಕಚ್ಚಾತೈಲ ಇಂದು ಇಷ್ಟು ಡಾಲರ್ ಎಂದು ಟಿವಿಯಲ್ಲಿ ಹೇಳುತ್ತಾರಲ್ಲ, ಆ ತೈಲ ಕೈಬದಲಾಗುವ ಜಾಗ ಅದು. ಊರ ಸುತ್ತ ಕಣ್ಣು ಹಾಯುವಷ್ಟು ದೂರ ಬಿಳಿ ಟ್ಯಾಂಕುಗಳು. ಟ್ಯಾಂಕುಗಳಿಗೆ ಏನೂ ಆಗಲಿಲ್ಲ.

ಅಂದಹಾಗೆ ನಮ್ಮ ಪತ್ರಿಕೆಗಳು ಎಲ್ಲದಕ್ಕೂ "ರಿಕ್ಟರ್ ಮಾಪಕದಲ್ಲಿ ತೀವ್ರತೆ" ಎಂದು ಬರೆಯುತ್ತವೆ. ಪ್ರಮಾಣ ಬೇರೆ, ತೀವ್ರತೆ ಬೇರೆ. ಭೂಕಂಪಕ್ಕೆ ಪ್ರಮಾಣ ಒಂದೇ, ತೀವ್ರತೆ ಊರೂರಿಗೆ ಬದಲಾಗುತ್ತದೆ. ಬಲ್ಬಿನ ವ್ಯಾಟ್ ಒಂದೇ ಇದ್ದರೂ ಬೆಳಕು ಮೂಲೆಮೂಲೆಗೆ ಬೇರೆ ಇದ್ದ ಹಾಗೆ.

ಇಂಥ ಬಾವಿಗಳು ಅಮೆರಿಕದಲ್ಲೆಲ್ಲಾ ಇವೆಯಲ್ಲ, ಎಲ್ಲಾ ಕಡೆ ಯಾಕೆ ನಡುಗುವುದಿಲ್ಲ?

ಹತ್ತಾರು ಸಾವಿರ ಬಾವಿಗಳಿವೆ. ಭೂಕಂಪಕ್ಕೆ ಕಾರಣವಾದವು ಬೆರಳೆಣಿಕೆಯ ಪಾಲು. ನೀರು ಯಾವ ಪದರಕ್ಕೆ ಹೋಗುತ್ತದೆ, ಅದು ತಳಶಿಲೆಗೆ ಎಷ್ಟು ಹತ್ತಿರ, ಜಾರಲು ಅಣಿಯಾದ ಬಿರುಕು ಹತ್ತಿರದಲ್ಲಿದೆಯೇ ಎನ್ನುವುದರ ಮೇಲೆ ನಿಂತಿದೆ. ಉತ್ತರ ಡಕೋಟದಲ್ಲೂ ಅದೇ ಕಾಲಕ್ಕೆ ಎಣ್ಣೆಯ ಸುಗ್ಗಿ ನಡೆಯಿತು, ಆದರೆ ಅಲ್ಲಿ ಉಪ್ಪುನೀರನ್ನು ತಳಶಿಲೆಗಿಂತ ಬಹಳ ಮೇಲಿರುವ ಮರಳುಗಲ್ಲಿನ ಪದರಕ್ಕೆ ಬಿಡುತ್ತಾರೆ. ನೆಲ ಹೆಚ್ಚುಕಡಿಮೆ ಸುಮ್ಮನಿದೆ.

ವೇಗವೂ ಮುಖ್ಯ. ತಿಂಗಳಿಗೆ 3 ಲಕ್ಷ ಬ್ಯಾರೆಲ್‌ಗಿಂತ ಹೆಚ್ಚು ಇಳಿಸುವ ಬಾವಿಗಳ ಸುತ್ತ ಭೂಕಂಪದ ಸಂಭವ ಎದ್ದು ಕಾಣುವಷ್ಟು ಹೆಚ್ಚು ಎಂದು 2015ರ ಒಂದು ದೊಡ್ಡ ಅಧ್ಯಯನ ತೋರಿಸಿತು. ಬೆಂಗಳೂರಿನ 12,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು ನಾಲ್ಕು ಸಾವಿರ ಲೋಡು, ಒಂದೇ ಬಾವಿಗೆ.

ಬಾವಿಯಿಂದ ದೂರವಿದ್ದರೆ ಚಿಂತೆಯಿಲ್ಲ ಅಲ್ಲವೇ?

ಎಷ್ಟು ದೂರ ಎನ್ನುವುದರ ಮೇಲೆ. ನೀರು ತಾನೇ ಅಷ್ಟು ದೂರ ಹರಿಯುವುದಿಲ್ಲ, ಒತ್ತಡ ಹೋಗುತ್ತದೆ. ಓಕ್ಲಹೋಮ ಸಿಟಿಯ ಅಂಚಿನ ನಾಲ್ಕು ದೈತ್ಯ ಬಾವಿಗಳ ಒತ್ತಡ 35 ಕಿಲೋಮೀಟರ್ ದೂರದವರೆಗೆ ಭೂಕಂಪಗಳನ್ನು ಎಬ್ಬಿಸಿರಬಹುದು ಎಂದು ಭೂವಿಜ್ಞಾನಿ ಕೇಟಿ ಕೆರಾನೆನ್ ಮತ್ತು ಸಂಗಡಿಗರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಾಗಾಗಿ "ಇದು ನಿಮ್ಮ ಬಾವಿಯಿಂದಲೇ ಆದದ್ದು" ಎಂದು ಒಬ್ಬರತ್ತ ಬೆರಳು ತೋರಿಸುವುದು ಕಷ್ಟ. ಹತ್ತು ಜನ ಸೇರಿ ತುಂಬಿಸಿದ ಕೊಡ ತುಳುಕಿದರೆ ಯಾರ ಚೊಂಬಿನ ನೀರು ಅಂತ ಕೇಳುವುದು?

ಸಹಜ ಭೂಕಂಪವೋ ಪ್ರೇರಿತವೋ ಎಂದು ಹೇಗೆ ಗೊತ್ತಾಗುತ್ತದೆ?

ಒಂದೇ ಭೂಕಂಪದ ಗೆರೆ ನೋಡಿ ಹೇಳಲು ಬರುವುದಿಲ್ಲ. ಎರಡರ ಅಲೆಯೂ ಒಂದೇ ಥರ. ಸುತ್ತ ಹೆಚ್ಚು ಭೂಕಂಪಮಾಪಕ ನೆಟ್ಟು, ಎಲ್ಲಿ, ಎಷ್ಟು ಆಳದಲ್ಲಿ, ಯಾವ ಸರದಿಯಲ್ಲಿ ಆದವು ಎಂದು ಗುರುತು ಹಾಕಿ, ನೀರು ಇಳಿಸಿದ ಲೆಕ್ಕದ ಪಕ್ಕ ಇಟ್ಟು ನೋಡುತ್ತಾರೆ. ಇವಾನ್ಸ್ 1965ರಲ್ಲಿ ಮಾಡಿದ್ದೂ ಅದನ್ನೇ. ತೊಡಕೆಂದರೆ ಪ್ರೇಗ್ ಬಳಿ ಬಾವಿಗೆ ನೀರು ಬಿಡಲು ಶುರುವಾಗಿ 18 ವರ್ಷವಾಗಿತ್ತು. ಇಷ್ಟು ತಡವಾಗಿ ಬರುವ ಫಲವನ್ನು ನಂಬಿಸುವುದು ಸುಲಭವಲ್ಲ.

ಸಣ್ಣ ಸಣ್ಣವು ಆಗುತ್ತಿದ್ದರೆ ದೊಡ್ಡದು ತಪ್ಪುತ್ತದಂತೆ, ಒಳ್ಳೆಯದೇ ಅಲ್ಲವೇ?

ಲೆಕ್ಕ ಕೂಡುವುದಿಲ್ಲ. ಪ್ರಮಾಣ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು. 6ರ ಒಂದು ಭೂಕಂಪದ ಶಕ್ತಿ ಬಿಡಿಸಲು 4ರವು ಸಾವಿರ ಬೇಕು. ಮೇಲಾಗಿ ಪ್ರೇಗ್‌ನಲ್ಲಿ ಮೊದಲು ಬಂದ ಚಿಕ್ಕದೇ ದೊಡ್ಡದನ್ನು ಎಬ್ಬಿಸಿತು ಎನ್ನುವುದು ಕೆರಾನೆನ್ ತಂಡದ ವಾದ.

ಸರ್ಕಾರ ಏನು ಮಾಡುತ್ತಿತ್ತು?

ಬಹಳ ದಿನ ಕಾಯುತ್ತಿತ್ತು. ಎಣ್ಣೆ ಆ ರಾಜ್ಯದ ಅನ್ನ. ಶಾಲೆ, ರಸ್ತೆ, ಸಂಬಳ ಎಲ್ಲಕ್ಕೂ ಅದರ ತೆರಿಗೆ ಬೇಕು. ನಮ್ಮ ಮನೆಯ ಮಾಲೀಕನ ಅಣ್ಣನೂ ಉಪ್ಪುನೀರಿನ ಟ್ಯಾಂಕರ್ ಓಡಿಸುತ್ತಿದ್ದವನೇ. ಗೋಡೆಯ ಬಿರುಕು ತೋರಿಸಿದರೆ ಮಾಲೀಕ ಮೊದಲು ನೋಡುತ್ತಿದ್ದದ್ದು ಅಣ್ಣನ ಮುಖ.

2013ರ ಮಾರ್ಚ್‌ನಲ್ಲಿ ಓಕ್ಲಹೋಮ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಪ್ರೇಗ್ ಭೂಕಂಪಕ್ಕೆ ಸಹಜ ಕಾರಣವೇ ಹೆಚ್ಚು ಹೊಂದುತ್ತದೆ ಎಂದು ಹೇಳಿಕೆ ಕೊಟ್ಟಿತು. ಅದೇ ಸಂಸ್ಥೆ 2015ರ ಏಪ್ರಿಲ್‌ನಲ್ಲಿ, ರಾಜ್ಯದ ಬಹುಪಾಲು ಭೂಕಂಪಗಳು ಬಾವಿಗೆ ಇಳಿಸಿದ ನೀರಿನಿಂದ ಆಗಿರುವುದು ಬಹಳ ಸಂಭವ ಎಂದಿತು. ಈ ಎರಡು ಹೇಳಿಕೆಗಳ ನಡುವೆ ಏಳುನೂರಕ್ಕೂ ಹೆಚ್ಚು ಭೂಕಂಪಗಳು ಆಗಿಹೋಗಿದ್ದವು.

ಬಾವಿಗಳಿಗೆ ಅನುಮತಿ ಕೊಡುವುದು ಓಕ್ಲಹೋಮ ಕಾರ್ಪೊರೇಷನ್ ಕಮಿಷನ್. ಮೊದಲು ಟ್ರಾಫಿಕ್ ದೀಪದ ಪದ್ಧತಿ ತಂದರು. ಹತ್ತಿರ ಭೂಕಂಪ ಆದರೆ ಹಳದಿ, ಹೆಚ್ಚಾದರೆ ಕೆಂಪು. ಆರ್ಬಕಲ್ ದಾಟಿ ಗ್ರಾನೈಟ್‌ವರೆಗೆ ಕೊರೆದ ಬಾವಿಗಳ ತಳವನ್ನು ಸಿಮೆಂಟ್ ಹಾಕಿ ಮೇಲಕ್ಕೆ ಮುಚ್ಚಿಸಿದರು. 2016ರ ಮೊದಲ ತಿಂಗಳುಗಳಲ್ಲಿ 600ಕ್ಕೂ ಹೆಚ್ಚು ಬಾವಿಗಳಿಗೆ, 2014ರ ಮಟ್ಟಕ್ಕಿಂತ ಸುಮಾರು ಶೇ 40ರಷ್ಟು ಕಡಿಮೆ ಇಳಿಸಿ ಎಂದು ಆದೇಶ. ಪಾನೀ ನಡುಗಿದ ದಿನವೇ 37 ಬಾವಿ ಮುಚ್ಚಲು ಹೇಳಿದರು. ಆ ಭೂಕಂಪ ಆದ ಬಿರುಕು ಅಲ್ಲಿಯವರೆಗೆ ಯಾವ ನಕ್ಷೆಯಲ್ಲೂ ಇರಲಿಲ್ಲ. ಭೂಕಂಪ ಆದ ಮೇಲೆ ಸೂನರ್ ಲೇಕ್ ಸ್ತರಭಂಗ ಎಂದು ಹೆಸರಿಟ್ಟರು.

ಆದೇಶಗಳಿಗಿಂತ ಮಾರುಕಟ್ಟೆಯೂ ಕಮ್ಮಿ ಕೆಲಸ ಮಾಡಲಿಲ್ಲ. 2014ರ ಮಧ್ಯದಲ್ಲಿ 100 ಡಾಲರ್ ಮೇಲಿದ್ದ ಎಣ್ಣೆ 2016ರ ಆರಂಭಕ್ಕೆ 30ಕ್ಕಿಂತ ಕೆಳಗೆ ಬಿತ್ತು. ಹತ್ತು ಪಾಲು ನೀರು ಎತ್ತುವ ಬಾವಿಗಳು ತಾವಾಗಿಯೇ ನಿಂತವು.

ನಲ್ಲಿ ಮುಚ್ಚಿದ ಮೇಲೆ ನಿಂತಿತೇ?

ಬಹಳ ಇಳಿಯಿತು. 2017ರಲ್ಲಿ ಸುಮಾರು 300, 2019ಕ್ಕೆ ನೂರರೊಳಗೆ. ಆದರೆ ಡೆನ್ವರ್ ನೆನಪಿದೆಯಲ್ಲ. ಒಮ್ಮೆ ಏರಿದ ಒತ್ತಡ ಬಂಡೆಯೊಳಗೆ ಮೆಲ್ಲಗೆ ಹರಡುತ್ತಾ ವರ್ಷಗಟ್ಟಲೆ ಉಳಿಯುತ್ತದೆ. ಒಲೆ ಆರಿಸಿದರೂ ಕಾವಲಿ ಬಿಸಿ ಇದ್ದಂತೆ. 2024ರ ಫೆಬ್ರವರಿ 2ರ ರಾತ್ರಿ ಅದೇ ಪ್ರೇಗ್ ಬಳಿ 5.1 ಪ್ರಮಾಣದ್ದು ಬಂತು.

ಟೆಕ್ಸಸ್‌ನಲ್ಲಿ ಮನೆ ಕೊಳ್ಳಬಹುದೇ?

ಡಲ್ಲಾಸ್ ಕಡೆಯವರು ಕೇಳುವುದು ಹೆಚ್ಚು. 2008ರಿಂದ 2015ರ ತನಕ ಡಲ್ಲಾಸ್-ಫೋರ್ಟ್‌ವರ್ತ್ ಸುತ್ತ ಸಣ್ಣ ಭೂಕಂಪಗಳ ಗುಂಪುಗಳು ಬಂದಿದ್ದವು, ಈಗ ತಣ್ಣಗಾಗಿದೆ. ಬಿಸಿ ಇರುವುದು ರಾಜ್ಯದ ಪಶ್ಚಿಮಕ್ಕೆ, ಪರ್ಮಿಯನ್ ತೈಲಪ್ರದೇಶದಲ್ಲಿ. 2020ರ ಮಾರ್ಚ್‌ನಲ್ಲಿ ಮೆಂಟೋನ್ ಬಳಿ 5.0, 2022ರ ನವೆಂಬರ್ 16ರಂದು ಅದೇ ಸುತ್ತಿನಲ್ಲಿ 5.4. ಅಲ್ಲಿ ಬಾವಿಗಳ ಉಸ್ತುವಾರಿ ರೈಲ್‌ರೋಡ್ ಕಮಿಷನ್‌ದು (ಹೆಸರಷ್ಟೇ ರೈಲಿನದು, ಕೆಲಸ ಎಣ್ಣೆಯದು). 2021ರ ಡಿಸೆಂಬರ್‌ನಲ್ಲಿ ಮಿಡ್‌ಲ್ಯಾಂಡ್-ಒಡೆಸ್ಸಾ ನಡುವೆ ಆಳದ ಬಾವಿಗಳನ್ನು ನಿಲ್ಲಿಸಿತು. ನೀರನ್ನು ಮೇಲಿನ ಪದರಗಳಿಗೆ ತಿರುಗಿಸಿದರು. ಈಗ ಅಲ್ಲಿ ಒತ್ತಡ ಏರಿ, ಮುಚ್ಚಿ ಮರೆತ ಹಳೆಯ ಬಾವಿಗಳ ಬಾಯಿಂದ ಉಪ್ಪುನೀರು ಉಕ್ಕುತ್ತಿದೆ. ಕೆಳಗೆ ತುರುಕಿದರೆ ನಡುಕ, ಮೇಲೆ ತುರುಕಿದರೆ ಬುಗ್ಗೆ. ಹೊಸ ಬಾವಿಯ ಫ್ರಾಕಿಂಗ್‌ಗೆ ಇದೇ ನೀರನ್ನು ಮರುಬಳಸುವುದು ಹೆಚ್ಚಿದೆ, ಆದರೂ ಬರುವಷ್ಟು ನೀರು ಖರ್ಚಾಗುವುದಿಲ್ಲ.

ಮನೆ ವಿಮೆ ಇದೆಯಲ್ಲ?

ಅಮೆರಿಕದ ಸಾಮಾನ್ಯ ಮನೆ ವಿಮೆಯಲ್ಲಿ ಭೂಕಂಪ ಸೇರಿರುವುದಿಲ್ಲ. ಪ್ರತ್ಯೇಕ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ಸೇರಿಸಿದರೂ ಮೊದಲ ಪಾಲಿನ ನಷ್ಟ ನಿಮ್ಮದೇ, ಅದು ಮನೆಯ ಬೆಲೆಯ ಶೇಕಡಾವಾರು ಲೆಕ್ಕದಲ್ಲಿರುತ್ತದೆ. ನಾನು ಬಾಡಿಗೆದಾರ, ಒಡೆದ ಸಾಮಾನಿಗೆ ಕ್ಲೇಮು ಹಾಕಿದೆ. ಮೂರು ವಾರದ ನಂತರ ಬಂದ ಒಂದು ಸಾಲಿನ ಪತ್ರದಲ್ಲಿ "ಭೂಚಲನೆ ಹೊರತು" ಎಂದಿತ್ತು. ಮನುಷ್ಯ ಮಾಡಿದ್ದೋ ದೇವರು ಮಾಡಿದ್ದೋ ಎಂಬ ಕಿತ್ತಾಟವೂ ಉಂಟು. ಸಹಿ ಹಾಕುವ ಮುನ್ನ ಮನುಷ್ಯಕೃತ ಭೂಕಂಪ ಸೇರಿದೆಯೇ ಎಂದು ಬರೆದು ಕೇಳಿ, ಬರೆದೇ ಉತ್ತರ ಪಡೆಯಿರಿ. ಗಾಯವಾದವರು, ಮನೆ ಕೆಟ್ಟವರು ಬಾವಿಯ ಕಂಪನಿಗಳ ಮೇಲೆ ಸಾಮಾನ್ಯ ಕೋರ್ಟಿನಲ್ಲಿ ದಾವೆ ಹೂಡಬಹುದು ಎಂದು ಓಕ್ಲಹೋಮದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ನಮ್ಮ ಕಡೆಯೂ ಹೀಗೆ ಆಗಿದೆಯೇ?

ಉಪ್ಪುನೀರಿನಿಂದ ಅಲ್ಲ, ಆದರೆ ನೀರಿನಿಂದ ಆಗಿದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಹಿಂದೆ 1962ರ ಹೊತ್ತಿಗೆ ನೀರು ನಿಲ್ಲತೊಡಗಿತು, ನಡುಕ ಶುರುವಾಯಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪ್ರಮಾಣದ ಭೂಕಂಪವಾಗಿ ಸುಮಾರು 200 ಜನ ತೀರಿಕೊಂಡರು. ಜಲಾಶಯದಿಂದ ಪ್ರೇರಿತವಾದವುಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಎಂದು ಇದನ್ನೇ ಎಣಿಸುತ್ತಾರೆ. ಆ ಕೊಯ್ನಾ ಹೊಳೆ ಕರಾಡದಲ್ಲಿ ಕೃಷ್ಣೆಗೆ ಸೇರಿ ನಮ್ಮ ಬೆಳಗಾವಿ ಜಿಲ್ಲೆಗೆ ಬರುತ್ತದೆ.

ಕರ್ನಾಟಕದೊಳಗೆ ಮನುಷ್ಯನಿಂದ ನೆಲ ನಡುಗಿದ್ದು ಅಂದರೆ ಕೆಜಿಎಫ್. ಮೂರು ಕಿಲೋಮೀಟರ್‌ಗೂ ಆಳದಲ್ಲಿ ಚಿನ್ನದ ಅದಿರು ತೆಗೆದ ಖಾಲಿ ಜಾಗದ ಮೇಲೆ ಭಾರ ಬಿದ್ದು ಬಂಡೆ ಸಿಡಿಯುತ್ತಿತ್ತು. ಗಣಿಯವರ ಬಾಯಲ್ಲಿ ಅದು ರಾಕ್ ಬರ್ಸ್ಟ್. ಮೇಲೆ ಮನೆಯಲ್ಲಿದ್ದವರಿಗೂ ನೆಲ ಅದುರಿದ್ದು ಗೊತ್ತಾಗುತ್ತಿತ್ತು, ಕೆಳಗೆ ಪಾಳಿಗೆ ಹೋದವರು ಯಾರು ಎಂದು ಲೆಕ್ಕ ಹಾಕುತ್ತಿದ್ದರು. ಇಲ್ಲಿ ತುಂಬಿದ್ದರಿಂದಲ್ಲ, ತೆಗೆದದ್ದರಿಂದ ಆದದ್ದು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದ ಜನ ನಡುಕಕ್ಕೆ ಹೆದರಿ ಮನೆಯ ಹೊರಗೆ ಮಲಗಿದ್ದರಲ್ಲ, ಅದಕ್ಕೂ ತೈಲಬಾವಿಗೂ ಸಂಬಂಧವಿಲ್ಲ, ಅಲ್ಲಿ ಅಂಥ ಬಾವಿಗಳೇ ಇಲ್ಲ.

ಬೋರ್‌ವೆಲ್‌ಗೆ ಮಳೆನೀರು ಇಂಗಿಸಿದರೆ?

ಧೈರ್ಯವಾಗಿ ಇಂಗಿಸಿ. ನಾವು ಹೀರಿ ಖಾಲಿ ಮಾಡಿದ ಕೆಲವು ನೂರು ಅಡಿಯ ಜಾಗಕ್ಕೆ ಚಾವಣಿಯ ನೀರು ವಾಪಸ್ಸು ಹೋಗುತ್ತದೆ, ಅಷ್ಟೇ.

ಅಂಥ ಊರಲ್ಲಿದ್ದರೆ ಏನು ಮಾಡಬೇಕು?

ನಡುಗುವಾಗ ಹೊರಗೆ ಓಡಬೇಡಿ. ಅಲ್ಲಿನ ಮನೆಗಳು ಮರದ ಚೌಕಟ್ಟಿನವು, ಕುಸಿಯುವುದು ಅಪರೂಪ. ಬೀಳುವುದು ಹೊರಗೋಡೆಯ ಇಟ್ಟಿಗೆ ಮತ್ತು ಚಿಮಣಿ, ಅದೂ ಓಡಿ ಬಂದವರ ತಲೆಯ ಮೇಲೆ. ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳಿ. ನಿಂತ ಮೇಲೆ ಗ್ಯಾಸ್ ವಾಸನೆ ನೋಡಿ. ಯುಎಸ್‌ಜಿಎಸ್ ಜಾಲತಾಣದಲ್ಲಿ ನಿಮಗೆ ಹೇಗೆ ಗೊತ್ತಾಯಿತು ಎಂದು ಬರೆಯುವ ಪುಟವಿದೆ, ಎರಡು ನಿಮಿಷದ ಕೆಲಸ, ಬರೆಯಿರಿ. ಗೋಡೆಯ ಬಿರುಕಿನ ಫೋಟೊವನ್ನು ತಾರೀಖು ಸಮೇತ ತೆಗೆದಿಟ್ಟುಕೊಳ್ಳಿ.

ನಾವು ಆ ಶನಿವಾರ ಅಕ್ಕಿಹಿಟ್ಟು ಗುಡಿಸಿ, ಮಧ್ಯಾಹ್ನ ಸ್ಟಿಲ್‌ವಾಟರ್‌ನಲ್ಲಿ ಎಲ್ಲೂ ಸಿಗದೆ ತುಲ್ಸಾದ ಇಂಡಿಯನ್ ಅಂಗಡಿಗೆ ಹೋಗಿ ಹೊಸ ಪ್ಯಾಕೆಟ್ ತಂದೆವು. ಅಂದಿನಿಂದ ಭಾರದ ಡಬ್ಬಗಳೆಲ್ಲ ಕೆಳಗಿನ ಶೆಲ್ಫಿಗೆ ಇಳಿದವು, ಮೇಲೆ ಪ್ಲಾಸ್ಟಿಕ್ ಸಾಮಾನು ಮಾತ್ರ. ಊರಿಗೆ ಬಂದ ಮೇಲೂ ಹಾಗೇ ಜೋಡಿಸಿದ್ದೇವೆ. ಅಮ್ಮ ಈಗಲೂ ಬೈಯುತ್ತಾಳೆ, ಹಿಟ್ಟಿನ ಡಬ್ಬಕ್ಕೆ ಬಗ್ಗಿ ಬಗ್ಗಿ ಸೊಂಟ ಹೋಯಿತು ಅಂತ.